ಕೆಂಟಕಿ ರೂಟ್ ಝೀರೋ: ಏಳು ವರ್ಷಕ್ಕೆ ಮುಗಿದ ಐದು ಅಂಕ

ಕೆಂಟಕಿ ರೂಟ್ ಝೀರೋ ಅನ್ನುವುದು ನಾಟಕದ ಹಾಗೆ ಅಂಕ ಅಂಕವಾಗಿ, ಬೇರೆ ಬೇರೆ ಹೊತ್ತಿಗೆ ಬಂದ ಕಂಪ್ಯೂಟರ್ ಆಟ. ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅಂಕಗಳ ನಡುವೆ ಪುಕ್ಕಟೆಯಾಗಿ ಬಿಟ್ಟ ನಾಲ್ಕು ಸಣ್ಣ ತುಣುಕುಗಳು. ಆಟ ಇಷ್ಟು ತಡವಾಗಲು ಅವೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಹೊಗಳಿಕೆಯೂ ಬೇಸರವೂ ಒಂದೇ ಕಡೆಗೆ ಹೋಗುತ್ತವೆ.

ಮೂರೇ ಜನ ಸೇರಿ ಮಾಡಿದ ಆಟ ಇದು. 2011ರಲ್ಲಿ ಆಟ ಮಾಡುವ ಖರ್ಚಿಗೆ ಜನರ ಹತ್ತಿರ 6,500 ಡಾಲರ್ ಕೇಳಿದ್ದರು, ಸುಮಾರು 8,500 ಬಂತು. ಅದೇ ವರ್ಷ ಮುಗಿಸುವ ಅಂದಾಜಿತ್ತು. ಆಮೇಲೆ ಅದು ಐದು ಅಂಕದ ಕಥೆಯಾಗಿ ಬೆಳೆಯಿತು. ಮೊದಲ ಅಂಕ 2013ರ ಜನವರಿಯಲ್ಲಿ ಬಂತು, ಎರಡನೆಯದು ಅದೇ ವರ್ಷದ ಮೇ ತಿಂಗಳಲ್ಲಿ. ಮೂರನೆಯದಕ್ಕೆ 2014ರ ಮೇ ಆಯಿತು. ನಾಲ್ಕನೆಯದು 2016ರ ಜುಲೈ. ಐದನೆಯದು 2020ರ ಜನವರಿ. ಒಂದು ವರ್ಷದೊಳಗೆ ಐದೂ ಅಂಕ ಅನ್ನುವ ಯೋಜನೆ ಏಳು ವರ್ಷ ಎಳೆಯಿತು.

ನನ್ನದು ಶಿರಸಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಆಟಕ್ಕೆ ಅಂತ ತೆಗೆದಿಡುವ ದುಡ್ಡು ಕಡಿಮೆ, ಹಾಗಾಗಿ ಮೂರನೇ ಅಂಕ ಬಂದ ಮೇಲೆ ರಿಯಾಯಿತಿ ದರದಲ್ಲಿ ಕೊಂಡೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್‌ನಲ್ಲೇ ಆರಾಮಾಗಿ ಓಡುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಆಷಾಢದ ಮಳೆಯಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವ ನಮ್ಮೂರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ಕೊತ್ತಂಬರಿ ಜೀರಿಗೆಯ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ದೊಡ್ಡ ಲೋಟದಲ್ಲಿ ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ದೀಪ ಆರಿಸುತ್ತೇನೆ, ಯಾಕಂದ್ರೆ ಈ ಆಟದ ಚಿತ್ರಗಳಲ್ಲಿ ಕಪ್ಪೇ ಜಾಸ್ತಿ, ಬೆಳಕಿದ್ದರೆ ಅರ್ಧ ಕಾಣುವುದಿಲ್ಲ. ಅಂಗಡಿಯ ಪ್ರೂಫ್ ಹಾಳೆಗಳ ಹಿಂಬದಿಯಲ್ಲಿ ಪಾತ್ರಗಳ ಹೆಸರು, ಯಾರು ಯಾರಿಗೆ ಸಾಲಗಾರ ಅಂತ ಬರೆದಿಡುತ್ತೇನೆ. ಆಟದ ಮಾತೆಲ್ಲ ಇಂಗ್ಲಿಷ್. ಪಕ್ಕದಲ್ಲಿ ಹೂವು ಕಟ್ಟುತ್ತ ಕೂತ ಆಯಿಗೆ ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತೇನೆ. ಪಾತ್ರ ಆಡುವ ಮಾತಿಗೆ ಎರಡು ಉತ್ತರ ಇದ್ದಾಗ ಯಾವುದು ಆರಿಸಬೇಕು ಅಂತ ಆಯಿಯೇ ಹೇಳುತ್ತಾಳೆ. ಉತ್ತರ ಯಾವುದಾದರೂ ಕಥೆಯ ದಾರಿ ಬದಲಾಗುವುದಿಲ್ಲ. ಆ ಮನುಷ್ಯ ಎಂಥವನು ಅನ್ನುವುದಷ್ಟೇ ನಮ್ಮ ಕೈಯಲ್ಲಿ ಇರುತ್ತದೆ. ಇಂಥ ಆಟ ನಾನು ಬೇರೆ ಆಡಿಲ್ಲ.

ಕಥೆ ಸರಳ. ಕಾನ್ವೇ ಅನ್ನುವ ವಯಸ್ಸಾದ ಲಾರಿ ಡ್ರೈವರ್, ಜೊತೆಗೊಂದು ನಾಯಿ. ಒಂದು ವಿಳಾಸಕ್ಕೆ ಕೊನೆಯ ಸಾಮಾನು ತಲುಪಿಸಬೇಕು. ವಿಳಾಸ ಸಿಗುವುದಿಲ್ಲ. ಟಿವಿ ರಿಪೇರಿ ಮಾಡುವ ಶ್ಯಾನನ್, ಒಬ್ಬ ಹುಡುಗ, ಹಾಡುಗಾರರ ಜೋಡಿ ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ವಿದ್ಯುತ್ ಕಂಪನಿ, ಮುಚ್ಚಿದ ಕಲ್ಲಿದ್ದಲು ಗಣಿ, ತೀರದ ಸಾಲ ಎಲ್ಲರ ಬೆನ್ನಿಗೂ ಇವೆ.

ಇನ್ನು ಆ ತುಣುಕುಗಳು. ಒಂದರಲ್ಲಿ ಕಲಾ ಪ್ರದರ್ಶನ ನೋಡುತ್ತ ಓಡಾಡುತ್ತೇವೆ. ಇನ್ನೊಂದರಲ್ಲಿ ನಾವೇ ಒಂದು ನಾಟಕದ ರಂಗದ ಮೇಲೆ ಕೂತಿರುತ್ತೇವೆ. ಮಾತಿಲ್ಲದ ಪಾತ್ರ, ಸುಮ್ನೆ ತಲೆ ತಿರುಗಿಸಿ ಸುತ್ತ ನೋಡಬೇಕು. ಒಂದು ಕಡೆ ಬೆಳಕಿನ ಸಾಮಾನು, ಇನ್ನೊಂದು ಕಡೆ ಪ್ರೇಕ್ಷಕರು. ಮೂರನೆಯದು ಬರೀ ಟೆಲಿಫೋನು. ಅಮೆರಿಕದಲ್ಲಿ ನಿಜವಾದ ನಂಬರಿಗೇ ಫೋನ್ ಮಾಡಬಹುದಿತ್ತು, ನಾವು ಪರದೆಯ ಮೇಲೆ ಗುಂಡಿ ಒತ್ತಿ ಕೇಳಬಹುದು. ನೆಲದಡಿಯ ನದಿಯೊಂದರ ಬಗ್ಗೆ ಒಂದು ದನಿ ಹೇಳುತ್ತ ಹೋಗುತ್ತದೆ. ನಾಲ್ಕನೆಯದು 2018ರಲ್ಲಿ ಬಂತು, ಬಿರುಗಾಳಿಯ ರಾತ್ರಿ ಒಂದು ಪುಟ್ಟ ಊರಿನ ಟಿವಿ ಕೇಂದ್ರ. ಒಂದಕ್ಕೆ ಇನ್ನೊಂದರ ಹೋಲಿಕೆಯೇ ಇಲ್ಲ. ಪ್ರತಿಯೊಂದನ್ನೂ ಹೊಸದಾಗಿ ಕಟ್ಟಬೇಕು ಅಲ್ವಾ? ಮೂರು ಜನಕ್ಕೆ ಅದು ಎಷ್ಟು ಕೆಲಸ ಅಂತ ಯೋಚಿಸಿ. ಅವನ್ನು ಬಿಟ್ಟಿದ್ದರೆ ಆಟ ಬೇಗ ಮುಗಿಯುತ್ತಿತ್ತೇನೋ. ಆದರೆ ನಾನು ಈಗಲೂ ಆಗಾಗ ತೆರೆದು ಕೂರುವುದು ಅವನ್ನೇ.

ಬೇಸರ ಎಲ್ಲಿ ಅಂದ್ರೆ, ಮರೆವು. ನಾಲ್ಕನೇ ಅಂಕಕ್ಕೂ ಐದನೆಯದಕ್ಕೂ ನಡುವೆ ಮೂರೂವರೆ ವರ್ಷ. ಮಾತಿನ ಮೇಲೆಯೇ ನಿಂತ ಆಟ ಇದು. ಮೊದಲ ಅಂಕದಲ್ಲಿ ಹಾಗೇ ಬಂದುಹೋದ ಒಂದು ಹೆಸರು ನಾಲ್ಕರಲ್ಲಿ ಮುಖ್ಯವಾಗುತ್ತದೆ. ನನ್ನ ಹಾಳೆಗಳು ಇಲ್ಲದಿದ್ದರೆ ಅರ್ಧ ಕಥೆ ಕೈತಪ್ಪುತ್ತಿತ್ತು. ಆಯಿ ಮಾತ್ರ ನಾಯಿಯನ್ನು ಮರೆಯಲಿಲ್ಲ. "ಇನ್ನೂ ಮುಗದ್ದಿಲ್ಯ ತಮಾ ಅದು?" ಅಂತ ಪ್ರತಿ ಮಳೆಗಾಲ ಕೇಳುತ್ತಿದ್ದಳು.

ಇದೇ ಹೊತ್ತಿನಲ್ಲಿ, ಹೀಗೇ ಕಂತು ಕಂತಾಗಿ ಬರುವ ಇನ್ನೊಂದು ಆಟಕ್ಕೆ ನಾನು ಪೂರ್ತಿ ದುಡ್ಡು ಕಟ್ಟಿದ್ದೆ, ಹೆಸರು ಬೇಡ. ಮೊದಲ ಕಂತು ಚೆನ್ನಾಗಿತ್ತು. ಆಮೇಲೆ ಹೊಸ ಹೊಸ ಘೋಷಣೆ. ಊರು ದೊಡ್ಡದಾಗುತ್ತದಂತೆ, ಪಾತ್ರಗಳೆಲ್ಲ ಬಾಯಿಬಿಟ್ಟು ಮಾತಾಡುತ್ತಾರಂತೆ. ಎರಡನೇ ಕಂತು ಬರಲೇ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ. ನನ್ನ ಕೆಲಸದಲ್ಲಿ ಮದುವೆ ಕಾರ್ಡಿಗೆ ಅಡ್ವಾನ್ಸ್ ತಗೊಂಡರೆ, ಎಷ್ಟೇ ಚಂದದ ಹೊಸ ಡಿಸೈನ್ ಹೊಳೆದರೂ ಮುಹೂರ್ತಕ್ಕೆ ಮೊದಲು ಕಾರ್ಡ್ ಕೈಗೆ ಕೊಡಲೇಬೇಕು. ಇಲ್ಲಿ ಆ ಮುಹೂರ್ತವೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಸಣ್ಣ ತಂಡಗಳಿಗೆ ಕಂತಿನ ದಾರಿ ಸುಲಭ ಅಂತ ಕಾಣುತ್ತದೆ. ಸ್ವಲ್ಪ ಮಾಡು, ಮಾರು, ಬಂದ ದುಡ್ಡಲ್ಲಿ ಮುಂದಿನದು ಮಾಡು. ಆದರೆ ಎಲ್ಲ ಕಂತಿಗೂ ಒಟ್ಟಿಗೇ ದುಡ್ಡು ತಗೊಂಡ ಮೇಲೆ ಮುಂದಿನದು ಮುಗಿಸಿದಾಗ ಹಳೇ ಗಿರಾಕಿಗಳಿಂದ ಹೊಸದಾಗಿ ಏನೂ ಬರುವುದಿಲ್ಲ. ಮೊದಲ ಕಂತು ಜನರ ಕೈಯಲ್ಲಿ ಇರುವುದರಿಂದ ಕಥೆಯನ್ನು ಹಿಂದೆ ಹೋಗಿ ತಿದ್ದುವುದೂ ಕಷ್ಟ. ತಂಡ ಕಲಿಯುತ್ತ ಹೋದಂತೆ ಆಸೆ ಬೆಳೆಯುತ್ತದೆ, ಕಾದ ಜನಕ್ಕೆ ದೊಡ್ಡದೇ ಕೊಡಬೇಕು ಅನಿಸುತ್ತದೆ. ದುಡ್ಡು ಜಾಸ್ತಿ ಬಂದರೂ ಇದು ತಪ್ಪುವುದಿಲ್ಲ. ಬ್ರೋಕನ್ ಏಜ್ ಆಟಕ್ಕೆ 2012ರಲ್ಲಿ ಜನರ ಹತ್ತಿರ ಕೇಳಿದ್ದು 4 ಲಕ್ಷ ಡಾಲರ್, ಬಂದದ್ದು 33 ಲಕ್ಷಕ್ಕೂ ಮೇಲೆ. ಆಟದ ಗಾತ್ರವೂ ಹಿಗ್ಗಿತು. ಕೊನೆಗೆ ಎರಡು ತುಂಡು ಮಾಡಿ 2014ರಲ್ಲಿ ಅರ್ಧ, 2015ರಲ್ಲಿ ಅರ್ಧ ಕೊಟ್ಟರು. ಹೈವ್‌ಸ್ವಾಪ್ ಅನ್ನುವ ಆಟಕ್ಕೂ 2012ರಲ್ಲಿ ಜನರಿಂದ 24 ಲಕ್ಷ ಡಾಲರ್‌ಗೂ ಹೆಚ್ಚು ಸಿಕ್ಕಿತ್ತು. ಮೊದಲ ಅಂಕ ಬಂದದ್ದು 2017ರಲ್ಲಿ, ಎರಡನೆಯದು 2020ರಲ್ಲಿ.

ಡೆಲ್ಟಾರೂನ್ ಅನ್ನುವ ಆಟದ ಕ್ರಮ ನನಗೆ ಹಿಡಿಸುತ್ತದೆ. 2018ರಲ್ಲಿ ಮೊದಲ ಅಧ್ಯಾಯ ಪುಕ್ಕಟೆ, 2021ರಲ್ಲಿ ಎರಡನೆಯದೂ ಪುಕ್ಕಟೆ. ದುಡ್ಡು ಕೇಳಿದ್ದು 2025ರಲ್ಲಿ, ಮೂರು ಮತ್ತು ನಾಲ್ಕನೆಯದನ್ನು ಒಟ್ಟಿಗೆ ಕೈಗಿಟ್ಟಾಗ. ತಡ ಅಲ್ಲೂ ಇದೆ. ಆದರೆ ಕಾಯುವವನ ಜೇಬು ಖಾಲಿಯಾಗಿಲ್ಲ.

ಕೆಂಟಕಿಯ ಐದನೇ ಅಂಕ ಬಂದಾಗ ನಾನು ಸ್ವಲ್ಪ ಮುನಿಸಿನಲ್ಲೇ ತೆರೆದೆ. ಪ್ರವಾಹ ಇಳಿದ ಬೆಳಿಗ್ಗೆ, ಒಂದು ಸಣ್ಣ ಊರು, ನಾವೊಂದು ಬೆಕ್ಕು. ಅಷ್ಟು ಅಂಕಗಳ ಕತ್ತಲೆ ಆದಮೇಲೆ ಬಿಸಿಲು. ಊರು ಬಿಟ್ಟು ಹೋಗುವುದಾ, ಇಲ್ಲೇ ಇರುವುದಾ ಅಂತ ಜನ ಮಾತಾಡುತ್ತಿರುತ್ತಾರೆ, ಬೆಕ್ಕು ಸುತ್ತುತ್ತ ಕೇಳಿಸಿಕೊಳ್ಳುತ್ತದೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆ ಪೂರ್ತಿ ನೀರಿಗೆ ಹೋದ ಜಿಲ್ಲೆ ನಮ್ಮದು. ವಿದ್ಯುತ್ತಿಗಾಗಿ ಮನೆ ಬಿಟ್ಟವರ ಮಾತು ನಮಗೆ ಹೊಸದಲ್ಲ. ಎರಡನೇ ಅಂಕದಲ್ಲಿ ಮನೆಗಳನ್ನೇ ತಂದಿಟ್ಟ ಒಂದು ಮ್ಯೂಸಿಯಂ ಇದೆ, ಒಳಗೆ ಜನ ಇನ್ನೂ ವಾಸವಾಗಿದ್ದಾರೆ. ಅದನ್ನು ಮೊದಲ ಸಲ ಆಡಿದಾಗ ವಿಚಿತ್ರ ಅನಿಸಿತ್ತು. ಐದನೆಯದು ಆಡಿದ ಮೇಲೆ ಮತ್ತೆ ಅಲ್ಲಿಗೆ ಹೋದೆ, ಒಂದೊಂದು ಮನೆಯ ಮುಂದೆಯೂ ನಿಂತೆ. ಇಷ್ಟು ನಿಧಾನಕ್ಕೆ ಬೇಯಿಸದಿದ್ದರೆ ಈ ಕೊನೆ ಬರುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ.

ಈಗ ಕೊಳ್ಳುವವರಿಗೆ ಎಲ್ಲವೂ ಒಂದೇ ಕಂತೆಯಲ್ಲಿ ಸಿಗುತ್ತದೆ, ತುಣುಕುಗಳೂ ಸೇರಿ. ಹಬ್ಬದ ರಿಯಾಯಿತಿ ಬರುವವರೆಗೆ ಕಾಯಿರಿ. ಇಂಗ್ಲಿಷ್ ನಿಧಾನವಾಗಿ ಓದುವವರಿಗೂ ತೊಂದರೆ ಇಲ್ಲ, ಆಟ ಅವಸರ ಮಾಡುವುದಿಲ್ಲ. ಗುಂಡು ಹಾರಿಸುವ ಆಟದ ಹುಮ್ಮಸ್ಸಿನವರಿಗೆ ಬೇಡ. ಮೂರನೇ ಅಂಕಕ್ಕೆ ಹೆಡ್‌ಫೋನ್ ಹಾಕಿಕೊಳ್ಳಿ, ಅಲ್ಲೊಂದು ಹಾಡಿದೆ, ಅದರ ಸಾಲುಗಳನ್ನು ನೀವೇ ಆರಿಸಬೇಕು. ಟೆಲಿಫೋನ್ ತುಣುಕನ್ನು ಮಾತ್ರ ಬೇಗ ಮುಗಿಸಬೇಡಿ, ಎಲ್ಲಾ ನಂಬರನ್ನೂ ಒತ್ತಿ ನೋಡಿ.