ಲಾಲ್‌ಬಾಗ್ ಬಂಡೆ, ಮೂರು ಪರದೆ: ಡಿಜಿಟಲ್ ಚಿತ್ರ ಕಲಿಯಲು ಯಾವುದು ಮೇಲು?

ಡಿಜಿಟಲ್ ಚಿತ್ರಕಲೆ ಕಲಿಯಬೇಕೆನ್ನುವವರು ಮೊದಲು ಕೇಳುವುದು ಯಾವುದನ್ನು ಕೊಳ್ಳಲಿ ಎಂದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಪರದೆಯಿಲ್ಲದ ಒಂದು ಸಣ್ಣ ಪೆನ್ ಟ್ಯಾಬ್ಲೆಟ್ (ಲ್ಯಾಪ್‌ಟಾಪಿಗೆ ಜೋಡಿಸಿ ಪೆನ್ನಿನಿಂದ ಗೀಚುವ ಹಲಗೆ) ತಂದು, ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಹಾಕಿಕೊಂಡು ಕುಳಿತುಕೊಳ್ಳಿ. ಐಪ್ಯಾಡ್ ಆಮೇಲೆ. ಫೋನು ಗೀಚುವುದಕ್ಕೆ ಮಾತ್ರ. ಇಷ್ಟೇ ಸಾಕು ಎನ್ನುವವರು ಇಲ್ಲಿಗೆ ನಿಲ್ಲಿಸಬಹುದು. ಕಾರಣವೂ ಬೇಕು ಎನ್ನುವವರಿಗೆ ಮುಂದಿನದು.

ಹೋಲಿಕೆ ನ್ಯಾಯವಾಗಿರಬೇಕಾದರೆ ದೃಶ್ಯ ಒಂದೇ ಆಗಿರಬೇಕು. ನಾನು ಆರಿಸಿಕೊಂಡದ್ದು ಲಾಲ್‌ಬಾಗ್ ಬಂಡೆಯ ಮೇಲಿನಿಂದ ಸಂಜೆ ಕಾಣುವ ನೋಟ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ನೈಸ್ (gneiss) ಎಂಬ ಬಗೆಯ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲೆ ಕೆಂಪೇಗೌಡರ ಗೋಪುರವೂ ಇದೆ. ಆದರೆ ಚಿತ್ರ ಬಿಡಿಸುವವರಿಗೆ ಅದರ ಬೆಲೆ ಬೇರೆಯದು: ಅಲ್ಲಿ ನಿಂತರೆ ದೂರವು ಮೂರು ಪಾಲಾಗಿ ಕಾಣುತ್ತದೆ. ಕಾಲ ಬುಡದಲ್ಲಿ ಪಟ್ಟೆಪಟ್ಟೆಯ ಕಲ್ಲು, ನಡುವೆ ಮರಗಳ ತಲೆಗಳು, ಅದರಾಚೆ ಕಟ್ಟಡಗಳ ಸಾಲು. ಗಾಳಿಯಲ್ಲಿರುವ ಧೂಳು, ತೇವ ಬೆಳಕನ್ನು ಚದುರಿಸುವುದರಿಂದ ದೂರದ ಕಪ್ಪು ತನ್ನ ಕಪ್ಪನ್ನು ಕಳೆದುಕೊಂಡು ನೀಲಿ ಬೆರೆತ ಬೂದುಬಣ್ಣವಾಗುತ್ತದೆ, ದೂರದ ಬಿಳಿ ಗೋಡೆ ತುಸು ಹಳದಿಗೆ ತಿರುಗುತ್ತದೆ. ಹತ್ತಿರದ ಕಲ್ಲಿನ ಬಿರುಕಿನಲ್ಲಿ ಮಾತ್ರ ನಿಜವಾದ ಗಾಢತೆ ಉಳಿದಿರುತ್ತದೆ. ಈ ಮೂರು ಮೆಟ್ಟಿಲುಗಳನ್ನು ಸರಿಯಾಗಿ ಕಟ್ಟಲು ಬಂದರೆ ಭೂದೃಶ್ಯ ಅರ್ಧ ಬಂದಂತೆಯೇ. ಹಾಗಾಗಿ ನನ್ನ ಪರೀಕ್ಷೆ ಸರಳವಾಗಿತ್ತು. ಬ್ರಷ್‌ಗಳ ಸಂಖ್ಯೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾವ ಸಾಧನ ಈ ಮೂರು ಮೆಟ್ಟಿಲುಗಳ ಮೇಲೆ ನನ್ನ ಗಮನವನ್ನು ನಿಲ್ಲಿಸುತ್ತದೆ, ಯಾವುದು ಚದುರಿಸುತ್ತದೆ ಎಂಬುದನ್ನಷ್ಟೇ ನೋಡಿದೆ.

ಮೊದಲು ಐಪ್ಯಾಡ್, ಅದರಲ್ಲಿ ಪ್ರೊಕ್ರಿಯೇಟ್. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಒಂದು ಕಂಪನಿ 2011ರಲ್ಲಿ ಹೊರತಂದ ಈ ಆಪ್ ಬಗ್ಗೆ ಕೇಳಿದ ಹೊಗಳಿಕೆಯೆಲ್ಲ ನಿಜ. ಪೆನ್ನಿನ ಮೊನೆ ತಾಗಿದ ಜಾಗದಲ್ಲೇ ಬಣ್ಣ ಮೂಡುತ್ತದೆ. ಎರಡು ಬೆರಳು ತಟ್ಟಿದರೆ ಹಿಂದಿನ ಗೆರೆ ಮಾಯ, ಮೂರು ಬೆರಳು ತಟ್ಟಿದರೆ ವಾಪಸು. ಪರದೆಯ ಮೇಲೆ ಗುಂಡಿಗಳ ಗದ್ದಲವಿಲ್ಲ. ಕುಳಿತ ದಿನವೇ ಚಿತ್ರವೆನ್ನಬಹುದಾದದ್ದು ಹುಟ್ಟುತ್ತದೆ, ಅದು ಸಣ್ಣ ಮಾತಲ್ಲ. ಬಿಡಿಸಿದ್ದೆಲ್ಲ ತಾನಾಗಿಯೇ ವಿಡಿಯೊ ಆಗಿ ದಾಖಲಾಗುವುದರಿಂದ ಆಮೇಲೆ ವೇಗವಾಗಿ ಓಡಿಸಿ ನೋಡಬಹುದು.

ಆ ವಿಡಿಯೊ ನೋಡಿದಾಗಲೇ ನನಗೆ ಇದರ ಇನ್ನೊಂದು ಮುಖ ಕಂಡದ್ದು. ಬೆರಳೆರಡನ್ನು ಅಗಲಿಸಿದರೆ ಚಿತ್ರ ಹಿಗ್ಗುತ್ತದೆ. ಅದು ಎಷ್ಟು ಸಲೀಸೆಂದರೆ ಕೈ ಕೇಳದೆಯೇ ಒಳಗೆ ಇಳಿದುಬಿಡುತ್ತದೆ. ಬಂಡೆಯ ದೊಡ್ಡ ಆಕಾರ ಇನ್ನೂ ಕುಳಿತಿಲ್ಲ, ಅಷ್ಟರಲ್ಲಿ ದೂರದ ಕಟ್ಟಡದ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿವೆ! ಕಿಟಕಿ ಸ್ಪಷ್ಟವಾದಷ್ಟೂ ಕಟ್ಟಡ ಮುಂದಕ್ಕೆ ಬರುತ್ತದೆ, ದೂರ ಸಾಯುತ್ತದೆ. ಸಾಧನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಕಲಿಯುವವರಿಗೆ ಇದು ಅತಿಯಾದ ಸಲಿಗೆ ಕೊಡುತ್ತದೆ. ಬೇಕಾದರೆ ಮರಗಳ ಹಸಿರು ಪೂರ್ತಿ ಕೂರುವ ತನಕ ಹಿಗ್ಗಿಸುವುದಿಲ್ಲ ಎಂದು ಕಟ್ಟು ಹಾಕಿಕೊಳ್ಳಿ. ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರ್‌ಗಳ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಗಳಂಥ ಪದರಗಳ) ಮಿತಿ ಕುಗ್ಗುತ್ತದೆ ಎಂಬುದು ಪ್ರೊಕ್ರಿಯೇಟ್ ಮೇಲಿನ ಇನ್ನೊಂದು ದೂರು. ಭೂದೃಶ್ಯಕ್ಕೆ ಆಕಾಶ, ಕಟ್ಟಡ, ಮರ, ಬಂಡೆ ಎಂದು ನಾಲ್ಕೈದು ಲೇಯರ್ ಸಾಕು, ಅದಕ್ಕಿಂತ ಹೆಚ್ಚು ಬೇಕೆನ್ನಿಸಿದರೆ ಚಿತ್ರದಲ್ಲೇ ಏನೋ ತೊಡಕಿದೆ ಎಂದರ್ಥ.

ಇನ್ನು ಕ್ರಿಟಾ. ಕೆಡಿಇ ಎಂಬ ತಂತ್ರಾಂಶ ಸಮುದಾಯದ ಮುಕ್ತ ತಂತ್ರಾಂಶ ಇದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಅದರ ಜಾಲತಾಣದಿಂದ ಇಳಿಸಿಕೊಳ್ಳಲು ಕಾಸು ಬೇಡ. ಮೊದಲ ನೋಟಕ್ಕೆ ಹೆದರಿಸುತ್ತದೆ. ನಾಲ್ಕೂ ಬದಿಯಲ್ಲಿ ಪಟ್ಟಿಗಳು, ನೂರಕ್ಕೂ ಮಿಕ್ಕಿ ಬ್ರಷ್‌ಗಳು. ಪರದೆಯಿಲ್ಲದ ಟ್ಯಾಬ್ಲೆಟ್ ಬೇರೆ: ಕೈ ಮೇಜಿನ ಮೇಲೆ, ಕಣ್ಣು ಲ್ಯಾಪ್‌ಟಾಪಿನ ಮೇಲೆ. ಕರೆಂಟ್ ಹೋದಾಗ ಅಡುಗೆಮನೆಯ ಡಬ್ಬಿಗಳನ್ನು ತಡಕಾಡಿದ ಹಾಗಿರುತ್ತದೆ ಮೊದಮೊದಲು. ಇಲ್ಲೊಂದು ಕಿವಿಮಾತು. ಟ್ಯಾಬ್ಲೆಟ್ಟಿನ ಉದ್ದಗಲದ ಅನುಪಾತ ಪರದೆಯದಕ್ಕೆ ಹೊಂದದಿದ್ದರೆ ನೀವು ಎಳೆದ ವೃತ್ತ ಮೊಟ್ಟೆಯಾಗುತ್ತದೆ. ಅದಕ್ಕೆ ಕೈಯನ್ನು ಬೈದುಕೊಳ್ಳಬೇಡಿ, ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪಿಗೆ ಹೊಂದಿಸುವ ತಂತ್ರಾಂಶವಾದ ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ ಅನುಪಾತವನ್ನು ಸರಿಹೊಂದಿಸಿ.

ಈ ತಡಕಾಟ ಕಳೆದ ಮೇಲೆ ಐಪ್ಯಾಡ್‌ನಲ್ಲಿ ಸಿಗದ ಒಂದು ಲಾಭ ಕೈಗೆ ಬಂತು. ಚಿತ್ರವನ್ನು ನನ್ನದೇ ಕೈ ಮರೆಮಾಡುವುದಿಲ್ಲ. ಮೂಲ ಫೋಟೊ ಎಡಕ್ಕೆ, ಕ್ಯಾನ್ವಾಸ್ ಬಲಕ್ಕೆ, ಎರಡೂ ಒಂದೇ ಗಾತ್ರದಲ್ಲಿ, ಕಣ್ಣು ಅವುಗಳ ನಡುವೆ ಓಡಾಡುತ್ತಲೇ ಇರುತ್ತದೆ. ದೂರ ಕುಳಿತಿರುವುದರಿಂದ ಇಡೀ ಚೌಕಟ್ಟು ಒಟ್ಟಿಗೆ ಕಾಣುತ್ತದೆ. ಎಂ ಕೀಲಿ ಒತ್ತಿದರೆ ಕ್ಯಾನ್ವಾಸ್ ಕನ್ನಡಿಯಲ್ಲಿ ನೋಡಿದಂತೆ ತಿರುಗುತ್ತದೆ, ಬಂಡೆಯ ಇಳಿಜಾರು ವಾಲಿರುವುದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಪ್ರೊಕ್ರಿಯೇಟ್‌ನಲ್ಲೂ ತಿರುಗಿಸಬಹುದು, ಆದರೆ ಮೆನುವಿನೊಳಗೆ ಹೋಗಬೇಕು. ಒಂದು ಕೀಲಿಯಷ್ಟು ಹತ್ತಿರವಿದ್ದರೆ ಹತ್ತು ಸಲ ಮಾಡುತ್ತೇವೆ, ಮೆನುವಿನೊಳಗಿದ್ದರೆ ಮರೆಯುತ್ತೇವೆ. ಇ ಕೀಲಿ ಒತ್ತಿದರೆ ಕೈಯಲ್ಲಿರುವ ಬ್ರಷ್ಷೇ ಅಳಿಸುವ ಬ್ರಷ್ ಆಗುವುದಂತೂ ಮರಗಳ ಅಂಚಿಗೆ ಹೇಳಿ ಮಾಡಿಸಿದ್ದು. ಹಸಿರಿನ ರಾಶಿ ಹಾಕಿ, ಅದೇ ಒರಟು ಮೊನೆಯಿಂದ ಆಕಾಶದ ತೂತುಗಳನ್ನು ತೆಗೆಯುತ್ತ ಹೋದರೆ ಎಲೆ ಬರೆಯದೆಯೇ ಎಲೆ ಬರುತ್ತದೆ.

ಬಣ್ಣದ ವಿಷಯದಲ್ಲಿ ಎರಡೂ ಒಂದೇ ಆಮಿಷ ಒಡ್ಡುತ್ತವೆ: ಫೋಟೊದಿಂದಲೇ ಬಣ್ಣವನ್ನು ಎತ್ತಿಕೊಳ್ಳುವುದು. ಕಲಿಯುವಾಗ ಅದನ್ನು ಮುಟ್ಟದಿರುವುದೇ ಲೇಸು. ಊಹಿಸಿ ಹಾಕಿ, ಆಮೇಲೆ ಎತ್ತಿಕೊಂಡು ಹೋಲಿಸಿದರೆ ಪಾಠವಾಗುತ್ತದೆ, ಮೊದಲೇ ಎತ್ತಿಕೊಂಡರೆ ನಕಲು ಮಾತ್ರ. ಬಿಸಿಲು ಬಿದ್ದ ಬಂಡೆ ಬೂದು ಎಂದು ನಮ್ಮ ತಲೆಯಲ್ಲಿದೆ, ಸಂಜೆ ಅದು ಬಹುಮಟ್ಟಿಗೆ ಕಿತ್ತಳೆ. ಇನ್ನೊಂದು ಉಪಾಯ ಎರಡರಲ್ಲೂ ನಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಪೂರ್ತಿ ಕಪ್ಪು ತುಂಬಿದ ಒಂದು ಲೇಯರ್ ಇಟ್ಟು, ಅದರ ಬೆರೆಯುವ ವಿಧಾನವನ್ನು (ಬ್ಲೆಂಡ್ ಮೋಡ್) ‘ಕಲರ್’ ಎಂದು ಬದಲಿಸಿದರೆ ಚಿತ್ರ ಕಪ್ಪು-ಬಿಳುಪಾಗಿ ಕಾಣುತ್ತದೆ. ಆಗ ಮರ ಮತ್ತು ಕಟ್ಟಡ ಒಂದೇ ಬೂದುಬಣ್ಣದಲ್ಲಿ ಕಲಸಿಹೋಗಿದ್ದರೆ, ಎಷ್ಟೇ ಚೆಂದದ ಬಣ್ಣ ಹಚ್ಚಿದ್ದರೂ ದೂರ ಹುಟ್ಟಿಲ್ಲ.

ಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆರಳಿಗೆ ಒತ್ತಡದ ಏರಿಳಿತ ಸಿಗುವುದಿಲ್ಲ, ಗೆರೆಯೆಲ್ಲ ಒಂದೇ ದಪ್ಪ. ಆದರೂ ಮೆಟ್ರೊದಲ್ಲಿ ಕುಳಿತು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಗಾಢ, ಮಧ್ಯಮ, ತಿಳಿ ಎಂದು ಮೂರೇ ಛಾಯೆಯಲ್ಲಿ ದೃಶ್ಯ ಹಾಕಿನೋಡಲು ಅಡ್ಡಿಯಿಲ್ಲ. ಅಷ್ಟು ಚಿಕ್ಕದರಲ್ಲಿ ಕಿಟಕಿ ಬರೆಯಲು ಜಾಗವೇ ಇಲ್ಲವಲ್ಲ!

ಸಾಧನದಷ್ಟೇ ಮುಖ್ಯವಾದ ಇನ್ನೊಂದು ಹೋಲಿಕೆಯನ್ನು ಜನ ಬಿಟ್ಟುಬಿಡುತ್ತಾರೆ, ಯಾವುದನ್ನು ನೋಡಿ ಬಿಡಿಸಬೇಕು ಎಂಬುದು. ಈಗಿನ ಫೋನ್ ಕ್ಯಾಮೆರಾಗಳು ನೆರಳನ್ನು ಎತ್ತಿ, ಆಕಾಶವನ್ನು ತಗ್ಗಿಸಿ ಎಲ್ಲವನ್ನೂ ಸಮತಟ್ಟು ಮಾಡುತ್ತವೆ. ಬಂಡೆಯ ಮೇಲೆ ನಿಂತಾಗ ಕಣ್ಣಿಗೆ ಕಂಡ ದೂರ ಫೋಟೊದಲ್ಲಿ ಅರ್ಧಕ್ಕಿಳಿದಿರುತ್ತದೆ. ಅದಕ್ಕೆ ನಾನು ಒಂದು ಸುತ್ತು ರುಮಾಲೆ ಚನ್ನಬಸವಯ್ಯನವರ ಚಿತ್ರಗಳ ಮುಂದೆ ಕಳೆದೆ. 1910ರಲ್ಲಿ ಹುಟ್ಟಿದ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ರುಮಾಲೆಯವರು ಬೆಂಗಳೂರಿನ ಹೂಮರಗಳನ್ನು ಸ್ಥಳದಲ್ಲೇ ನಿಂತು ಬಿಡಿಸಿದವರು. ಅವರ ಮರಗಳಲ್ಲಿ ಹೂವು ಎಣಿಸಲು ಸಿಗುವುದಿಲ್ಲ, ಬಣ್ಣದ ತುಂಡುಗಳು ಸಿಗುತ್ತವೆ. ಯಾವುದನ್ನು ಬಿಡಬೇಕೆಂದು ಚಿತ್ರಕಾರ ಆಗಲೇ ತೀರ್ಮಾನಿಸಿಬಿಟ್ಟಿರುವುದರಿಂದ ಒಂದು ವರ್ಣಚಿತ್ರದ ನಕಲು ಹತ್ತು ಫೋಟೊಗಳ ನಕಲಿಗಿಂತ ಹೆಚ್ಚು ಕಲಿಸುತ್ತದೆ. ಆದರೆ ಅದರಲ್ಲೇ ನಿಂತರೆ ಅವರ ತೀರ್ಮಾನವೇ ನಮ್ಮ ಅಭ್ಯಾಸವಾಗಿಬಿಡುತ್ತದೆ. ವರ್ಣಚಿತ್ರ ಮೊದಲು, ಅನಂತರ ಫೋಟೊ, ಕೊನೆಗೆ ಸ್ಥಳ. ನನಗೆ ಒಗ್ಗಿದ ಕ್ರಮ ಇದು.

ಸ್ಥಳಕ್ಕೆ ಹೋಗುವಾಗ ಮಾತ್ರ ಐಪ್ಯಾಡ್‌ಗೆ ಎದುರಾಳಿಯಿಲ್ಲ. ಬಂಡೆಯ ಮೇಲೆ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಹರಡಿಕೊಂಡು ಕೂರುವುದನ್ನು ಊಹಿಸಿಕೊಳ್ಳಿ, ವಾಯುವಿಹಾರಿಗಳು ಸುತ್ತ ನಿಂತುಬಿಡುತ್ತಾರೆ. ಬಿಸಿಲಿನಲ್ಲಿ ಹೊಳೆಯುವ ಗಾಜಿನ ಪರದೆ ತೊಂದರೆ ಕೊಡುತ್ತದೆ, ಗೋಪುರದ ನೆರಳು ಬೀಳುವ ಕಡೆ ಕುಳಿತುಕೊಳ್ಳಬೇಕು. ಪರದೆಯ ಬಣ್ಣವನ್ನು ತಾನಾಗಿಯೇ ಬದಲಿಸುವ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಆಫ್ ಮಾಡಿಡಿ. ಇಲ್ಲವಾದರೆ ನೀವು ಹಚ್ಚಿದ ಕಿತ್ತಳೆ ಮನೆಗೆ ಬಂದ ಮೇಲೆ ಬೇರೆಯೇ ಕಿತ್ತಳೆಯಾಗಿರುತ್ತದೆ.

ದುಡ್ಡಿನ ಮಾತು. ಪ್ರೊಕ್ರಿಯೇಟ್‌ಗೆ ಒಂದೇ ಸಲ ಕೊಟ್ಟರಾಯಿತು, ಆದರೆ ಅದರ ಕೆಳಗೆ ಐಪ್ಯಾಡ್ ಬೇಕು, ಅದರ ಪೆನ್ನಾದ ಆಪಲ್ ಪೆನ್ಸಿಲ್ಲನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಫೋಟೊಶಾಪ್ ಚಂದಾ ಕಟ್ಟಿಕೊಂಡು ಓಡುವ ತಂತ್ರಾಂಶ, ಕಲಿಕೆಗೆ ಆ ಬಾಡಿಗೆ ಬೇಕಿಲ್ಲ ಎಂದು ಅದನ್ನು ನಾನು ಪಂದ್ಯಕ್ಕೇ ಇಳಿಸಲಿಲ್ಲ. ಪೆನ್ ಟ್ಯಾಬ್ಲೆಟ್ಟನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕುವವರು ಪೆನ್ನು ಗುರುತಿಸುವ ಒತ್ತಡದ ಮಟ್ಟ 8192ವೋ 4096ವೋ ಎಂಬ ಚರ್ಚೆಗೆ ಸಿಕ್ಕಿಕೊಳ್ಳಬೇಡಿ, ಕಲಿಯುವ ಕೈಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಪೆನ್ನಿಗೆ ಬ್ಯಾಟರಿ ಬೇಕೋ ಬೇಡವೋ, ಲಿನಕ್ಸ್ ಬಳಸುವವರಾದರೆ ಅದಕ್ಕೆ ಡ್ರೈವರ್ ಇದೆಯೋ, ಡಬ್ಬಿಯಲ್ಲಿ ಹೆಚ್ಚುವರಿ ಮೊನೆಗಳಿವೆಯೋ ಎಂದು ಕೇಳಿ. ಮೊನೆ ಸವೆಯುವ ವಸ್ತು. ಬಂಡೆಯಂಥ ಒರಟು ಮೈಯನ್ನು ತಿಕ್ಕಿ ತಿಕ್ಕಿ ಬಿಡಿಸುವವರಿಗೆ ಇನ್ನೂ ಬೇಗ ಸವೆಯುತ್ತದೆ.