ಹೂಮಳೆ ದಿನ ಡಿಸ್ಕ್ ಸೇರಿಸಿದ ಕಥೆ: ಗ್ಲಸ್ಟರ್‌ಎಫ್‌ಎಸ್ ನನಗೆ ಕಂಡ ಹಾಗೆ

ಗೋಣಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ವಿಡಿಯೋ ಸ್ಟುಡಿಯೋ. ಓನರ್ ಅಣ್ಣ ಕ್ಯಾಮೆರಾ ಹಿಡಿಯುತ್ತಾರೆ, ಇಬ್ಬರು ಹುಡುಗರು ಎಡಿಟ್ ಮಾಡುತ್ತಾರೆ, ಕಂಪ್ಯೂಟರ್ ಜೊತೆ ಜಗಳ ಆಡುವುದು ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಸಾಲು ಸಾಲು ಮದುವೆ, ಜೊತೆಗೆ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ. ಮದುವೆಯಲ್ಲಿ ಬಾಳೆ ಕಡಿಯುವುದರಿಂದ ಗಂಗಾಪೂಜೆವರೆಗೆ ಏನೂ ಬಿಡುವ ಹಾಗಿಲ್ಲ. ಮದುಮಗಳು ತಲೆ ಮೇಲೆ ಬಿಂದಿಗೆ ಹೊತ್ತು ನಿಂತಿರುತ್ತಾಳೆ, ಗಂಡಿನ ಕಡೆಯವರು ದಾರಿ ಬಿಡದೆ ಕುಣಿಯುತ್ತಲೇ ಇರುತ್ತಾರೆ. ಅಷ್ಟೂ 4ಕೆ ವಿಡಿಯೋ. ಡಿಸ್ಕ್ ತುಂಬದೆ ಇರುತ್ತಾ?

ಇದಕ್ಕೆಲ್ಲ ನಾನು ಇಟ್ಟಿರುವುದು ಮೂರು ಹಳೇ ಮೆಷಿನ್, ಒಂದು ಗಿಗಾಬಿಟ್ ಸ್ವಿಚ್, ಮೇಲೆ ಗ್ಲಸ್ಟರ್‌ಎಫ್‌ಎಸ್. ಹಲವು ಮೆಷಿನ್‌ಗಳ ಡಿಸ್ಕನ್ನು ಸೇರಿಸಿ ಒಂದೇ ಜಾಗದ ಹಾಗೆ ತೋರಿಸುವ ಸಾಫ್ಟ್‌ವೇರ್ ಇದು, ಫ್ರೀ. ಒಂದೊಂದು ಮೆಷಿನ್‌ನಲ್ಲಿ 4 ಟಿಬಿ ಡಿಸ್ಕ್, ಪ್ರತಿ ಫೈಲೂ ಮೂರು ಕಡೆ ಇರುತ್ತದೆ. ಅಂದರೆ 12 ಟಿಬಿ ದುಡ್ಡು ಕೊಟ್ಟು 4 ಟಿಬಿ ಜಾಗ. ಅಣ್ಣನಿಗೆ ಈ ಲೆಕ್ಕ ಇವತ್ತಿಗೂ ಒಪ್ಪಿಗೆ ಇಲ್ಲ.

ಮಾರ್ಚ್‌ನಲ್ಲಿ ನೋಡಿದರೆ 3.7 ಟಿಬಿಯಲ್ಲಿ (ಕಂಪ್ಯೂಟರ್ 4 ಟಿಬಿ ಡಿಸ್ಕನ್ನು ತೋರಿಸುವುದೇ ಹಾಗೆ) 3.1 ತುಂಬಿತ್ತು. ದುಡ್ಡು ಉಳಿಸೋಣ ಎಂದು 8 ಟಿಬಿಯ ಡಿಸ್ಕ್ ಎರಡೇ ತಂದೆ. ಗ್ಲಸ್ಟರ್ ಒಪ್ಪಲೇ ಇಲ್ಲ. ಮೂರು ಕಾಪಿ ಇಡುವ ವಾಲ್ಯೂಮ್ (ಎಲ್ಲ ಡಿಸ್ಕ್ ಸೇರಿ ಆದ ಒಂದು ಜಾಗ) ಆದರೆ ಬ್ರಿಕ್‌ಗಳನ್ನೂ ಮೂರು ಮೂರಾಗಿಯೇ ಸೇರಿಸಬೇಕು. (ಒಂದು ಡಿಸ್ಕ್‌ನಲ್ಲಿ ಇದಕ್ಕೆಂದು ಕೊಟ್ಟ ಫೋಲ್ಡರ್‌ಗೆ ಬ್ರಿಕ್ ಎನ್ನುತ್ತಾರೆ.) ಮೂರನೆಯದಕ್ಕೆ ಮೈಸೂರಿಗೆ ಇನ್ನೊಂದು ಸಲ ಬಸ್ ಹತ್ತಿದೆ.

ಸೇರಿಸುವುದು ಮಾತ್ರ ಎಷ್ಟು ಸಲೀಸು ಅಂದರೆ! ಎಕ್ಸ್‌ಎಫ್‌ಎಸ್ ಫಾರ್ಮ್ಯಾಟ್ ಮಾಡಿ, ಮೌಂಟ್ ಮಾಡಿ (ಸಿಸ್ಟಮ್‌ಗೆ ಜೋಡಿಸಿ), ಆಡ್-ಬ್ರಿಕ್ ಎಂದು ಒಂದು ಕಮಾಂಡ್ ಕೊಟ್ಟರೆ ಮುಗಿಯಿತು. ಏನನ್ನೂ ನಿಲ್ಲಿಸಲಿಲ್ಲ, ಹುಡುಗರು ಎಡಿಟ್ ಮಾಡುತ್ತಲೇ ಇದ್ದರು. ಜಾಗ ಎಷ್ಟಿದೆ ಎಂದು ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ 3.7 ಇದ್ದದ್ದು 11 ಆಗಿದೆ. ಅಣ್ಣ ಕಾಫಿ ತರಿಸಿದರು.

ಮಾರನೇ ದಿನ ಬೆಳಿಗ್ಗೆ ಅವರೇ ಸ್ಕ್ರೀನ್ ನೋಡಿ ಕೇಳಿದರು: "ಎಂಥ ಮಾರಾಯ ಇದು? ಹೊಸ ಡಿಸ್ಕ್ ಸುಮ್ನೆ ಕೂತಿದೆ, ಹಳೇದೇ ತುಂಬ್ತಾ ಇದೆ?"

ಹೌದು. ಡಿಎಫ್ ತೋರಿಸುವ ಜಾಗಕ್ಕೂ ಕೈಗೆ ಸಿಗುವ ಜಾಗಕ್ಕೂ ವ್ಯತ್ಯಾಸ ಇದೆ. ಯಾವ ಫೈಲ್ ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿಡುವ ರೈಟರ್ ಗ್ಲಸ್ಟರ್‌ನ ತೋಟದಲ್ಲಿ ಇಲ್ಲ. ಫೈಲ್ ಹೆಸರಿನಿಂದಲೇ ಒಂದು ನಂಬರ್ ಹುಟ್ಟುತ್ತದೆ, ಯಾವ ನಂಬರ್ ಯಾವ ಬ್ರಿಕ್‌ಗೆ ಎನ್ನುವುದು ಒಂದೊಂದು ಫೋಲ್ಡರ್‌ಗೂ ಮೊದಲೇ ಹಂಚಿಕೆ ಆಗಿರುತ್ತದೆ. ಹೊಸದಾಗಿ ಮಾಡಿದ ಫೋಲ್ಡರ್‌ಗೆ ಹೊಸ ಡಿಸ್ಕ್ ಗೊತ್ತು. ಹಳೇ ಫೋಲ್ಡರ್‌ಗೆ ಗೊತ್ತಿಲ್ಲ. ನಮ್ಮ ಹುಡುಗರು ಎಲ್ಲವನ್ನೂ ಹಾಕುತ್ತಿದ್ದದ್ದು 'ಮದುವೆ' ಎನ್ನುವ ಒಂದೇ ಹಳೇ ಫೋಲ್ಡರ್‌ಗೆ. ಹಂಚಿಕೆಯನ್ನು ಹೊಸದಾಗಿ ಮಾಡಿ ಫೈಲ್‌ಗಳನ್ನೂ ಸಾಗಿಸಬೇಕು ಎಂದರೆ ರೀಬ್ಯಾಲೆನ್ಸ್ ನಾವೇ ಶುರು ಮಾಡಬೇಕು, ತಾನಾಗಿ ಆಗುವುದಿಲ್ಲ.

ಶುರು ಮಾಡಿದೆ. ಮಧ್ಯದಲ್ಲಿ ತಡೆಯಲಾರದೆ ಹೊಸ ಬ್ರಿಕ್ ಒಳಗೆ ಇಣುಕಿದೆ. ಬಿಟ್ಟಂಗಾಲದ ಒಂದು ಮದುವೆಯ ಫೈಲ್, ಸೈಜ್ ಸೊನ್ನೆ. ಅದರ ಕೆಳಗಿನದ್ದೂ ಸೊನ್ನೆ. ಎದೆ ಧಸಕ್ ಎಂದಿತು. ಆಮೇಲೆ ಕಂಡಿತು, ಪರ್ಮಿಷನ್ ಸಾಲಿನ ಕೊನೆಯಲ್ಲಿ ಒಂದು 'ಟಿ' ಅಕ್ಷರ. ಅದು ಫೈಲೇ ಅಲ್ಲ, 'ನಿಜವಾದದ್ದು ಇನ್ನೂ ಹಳೇ ಬ್ರಿಕ್‌ನಲ್ಲಿದೆ, ಅಲ್ಲಿ ಕೇಳು' ಎನ್ನುವ ಚೀಟಿ. ಗಾಬರಿಯಲ್ಲಿ ಡಿಲೀಟ್ ಒತ್ತದೆ ಇದ್ದದ್ದು ಪುಣ್ಯ. ಫೈಲ್ ನೋಡಬೇಕಾದರೆ ಮೌಂಟ್ ಮಾಡಿದ ವಾಲ್ಯೂಮ್ ಒಳಗೇ ನೋಡಿ, ಬ್ರಿಕ್‌ಗೆ ನೇರ ಕೈ ಹಾಕಬೇಡಿ.

ಅದೇ ಸಂಜೆ ಹೂಮಳೆ ಬಂತು. ಊರಿಗೆಲ್ಲ ಖುಷಿ, ಕಾಫಿ ಗಿಡ ಹೂ ಬಿಡಲು ಇದೇ ಬೇಕಿತ್ತು. ಪಕ್ಕದ ಅಂಗಡಿಯವರು ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಮಳೆ ಬಿತ್ತು ಎಂದು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಗುಡುಗಿನ ಜೊತೆ ಕರೆಂಟ್ ಹೋಯಿತು. ಎರಡು ಮೆಷಿನ್ ಯುಪಿಎಸ್ ಮೇಲೆ ನಿಂತವು. ಮೂರನೆಯದರ ಬ್ಯಾಟರಿ ಸತ್ತಿದೆ ಎಂದು ನನಗೆ ಡಿಸೆಂಬರ್‌ನಿಂದಲೇ ಗೊತ್ತಿತ್ತು.

ಕರೆಂಟ್ ಬಂದು ಅದು ಎದ್ದಾಗ ಸ್ಟೇಟಸ್‌ನಲ್ಲಿ ಹೊಸ ಬ್ರಿಕ್ ಎದುರು 'ಎನ್', ಅಂದರೆ ಆನ್‌ಲೈನ್ ಇಲ್ಲ. ತಪ್ಪು ನನ್ನದೇ, ಆ ಡಿಸ್ಕನ್ನು ಎಫ್‌ಸ್ಟ್ಯಾಬ್‌ಗೆ (ಮೆಷಿನ್ ಎದ್ದಾಗ ತಾನೇ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿ) ಬರೆದಿರಲಿಲ್ಲ. ಬ್ರಿಕ್ ಫೋಲ್ಡರ್ ಮೌಂಟ್ ಆದ ಡಿಸ್ಕ್‌ನ ಒಳಗಿತ್ತು, ಡಿಸ್ಕ್ ಬಾರದ್ದರಿಂದ ಬ್ರಿಕ್ಕೂ ಏಳಲಿಲ್ಲ, ಅಷ್ಟೇ.  ರೀಬ್ಯಾಲೆನ್ಸ್ ನಿಲ್ಲಿಸಿದೆ, ಡಿಸ್ಕ್ ಮೌಂಟ್ ಮಾಡಿದೆ, ನಿಂತ ಬ್ರಿಕ್ಕನ್ನು ಎಬ್ಬಿಸುವ ಸ್ಟಾರ್ಟ್ ಫೋರ್ಸ್ ಕಮಾಂಡ್ ಕೊಟ್ಟೆ. ತಪ್ಪಿಹೋದ ಫೈಲ್‌ಗಳನ್ನು ಉಳಿದ ಎರಡು ಮೆಷಿನ್‌ಗಳಿಂದ ತಾನೇ ತುಂಬಿಕೊಂಡಿತು. ಅಷ್ಟು ಹೊತ್ತೂ ಹುಡುಗರಿಗೆ ಏನೂ ಗೊತ್ತಾಗಲಿಲ್ಲ. ಮೂರರಲ್ಲಿ ಎರಡು ಇದ್ದರೆ ಕೆಲಸ ನಡೆಯುತ್ತದೆ. ನಾನು ಇದಕ್ಕೆ ಮಾರ್ಕ್ಸ್ ಕೊಡುವುದು ಇಲ್ಲೇ.

ಮತ್ತೆ ಶುರು ಮಾಡಿದ ರೀಬ್ಯಾಲೆನ್ಸ್ ಮುಗಿಯಲು ಎರಡು ದಿನ ಹಿಡಿಯಿತು. ಉಳಿದ ಸಮಯದ ಅಂದಾಜು ತೋರಿಸುತ್ತದೆ, ಆದರೆ ಬೆಳಿಗ್ಗೆ 20 ಗಂಟೆ ಎಂದದ್ದು ಸಂಜೆ 26 ಎನ್ನುತ್ತದೆ. ಆ ಎರಡು ದಿನ ಎಡಿಟಿಂಗ್ ಕುಂಟಿತು, ಸುಳ್ಳು ಹೇಳುವುದಿಲ್ಲ.

ಇದೇ ಥರದ ಇನ್ನೊಂದು ಸಾಫ್ಟ್‌ವೇರ್ ಸೆಫ್ ಯಾಕೆ ಹಾಕಲಿಲ್ಲ ಎಂದು ಕೇಳಬಹುದು. ಅದು ಡಿಸ್ಕ್ ಸೇರಿಸಿದ ಕೂಡಲೇ ತಾನೇ ಹಂಚಿಕೊಳ್ಳುತ್ತದೆ, ನಿಜ. ಆದರೆ ಡಿಸ್ಕ್ ಒಂದಕ್ಕೆ 4 ಜಿಬಿ ಮೆಮೊರಿ ಲೆಕ್ಕ. ನಮ್ಮ ಮೆಷಿನ್‌ನಲ್ಲಿ ಇರುವುದೇ 8.

ನನಗೆ ಅನುಮಾನ ಇರುವುದು ಬೇರೆ ಕಡೆ. 2011ರಲ್ಲಿ ಗ್ಲಸ್ಟರ್ ಕಂಪನಿಯನ್ನು ಕೊಂಡ ರೆಡ್ ಹ್ಯಾಟ್, ಅದರ ಮೇಲೆ ಕಟ್ಟಿದ ತನ್ನ ಸ್ಟೋರೇಜ್ ಪ್ರಾಡಕ್ಟನ್ನು 2024ರ ಕೊನೆಗೆ ಮುಗಿಸಿತು. ಫ್ರೀ ಸಾಫ್ಟ್‌ವೇರ್ ಆಗಿ ಸಿಗುತ್ತದೆ, ಸರಿ. ಆದರೂ ಹೊಸದಾಗಿ ದೊಡ್ಡ ಕೆಲಸಕ್ಕೆ ಕಟ್ಟುವವರಿಗೆ ಇದನ್ನೇ ಹಾಕಿ ಎನ್ನಲು ನನಗೆ ಧೈರ್ಯ ಇಲ್ಲ. ನಮ್ಮಂಥ ಸಣ್ಣ ಸ್ಟುಡಿಯೋಗೆ ಆದರೆ ಐದಕ್ಕೆ ಮೂರೂವರೆ.

ಯುಪಿಎಸ್ ಬ್ಯಾಟರಿ ಬದಲಾಯಿಸಿ ಆಯಿತು. ಈಗ 11ರಲ್ಲಿ 4.2 ತುಂಬಿದೆ, ಹಾಕಿ ಫೈನಲ್‌ನ ಎರಡನೇ ಕ್ಯಾಮೆರಾದ್ದು ಇನ್ನೂ ಕಾಪಿ ಆಗುತ್ತಾ ಇದೆ.