ಒಂದು ರಾಡ್, ಒಂದು ಪಿನ್: ಇಆರ್‌ಪಿನೆಕ್ಸ್ಟ್ ಕಲಿತ ಮೂರು ತಿಂಗಳು

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು ನಾನು. ಹದಿನಾಲ್ಕು ವರ್ಷ ಬಿನ್ ಕಾರ್ಡ್ (ಪ್ರತಿ ಮಾಲಿನ ಸ್ಟಾಕು ಬರೆದಿಡುವ ಚೀಟಿ), ಇಂಡೆಂಟ್ ಪುಸ್ತಕ (ಮಾಲು ಬೇಕೆಂದು ಬರೆದು ಕೇಳುವ ಪುಸ್ತಕ), ಒಂದು ಎಕ್ಸೆಲ್ ಫೈಲ್ ಇಷ್ಟರಲ್ಲೇ ಕೆಲಸ ನಡೆದಿತ್ತು. ಬಿಲ್ಲು ಅಕೌಂಟ್ಸ್‌ನವರ ಕಂಪ್ಯೂಟರಿನಲ್ಲಿ, ಸ್ಟಾಕು ನನ್ನ ಪುಸ್ತಕದಲ್ಲಿ. ತಿಂಗಳ ಕೊನೆಗೆ ಎರಡೂ ತಾಳೆಯಾಗುತ್ತಿರಲಿಲ್ಲ. ಇಆರ್‌ಪಿ, ಅಂದರೆ ಬಿಲ್ಲು, ಸ್ಟಾಕು, ಉತ್ಪಾದನೆ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕೋಣ ಅಂತ ಯಜಮಾನರು ಹೇಳಿದಾಗ ನನಗೆ ಖುಷಿಯೇ ಆಯಿತು.

ಮೊದಲು ಎರಡು ದಿನದ ಒಂದು ತರಬೇತಿಗೆ ಕಳಿಸಿದ್ದರು. ಅಲ್ಲಿ ಬರೀ ಸ್ಲೈಡ್ ತೋರಿಸಿದರು. ನಮ್ಮ ಒಂದು ಐಟಂ ಕೂಡ ಹಾಕಿ ನೋಡಲು ಬಿಡಲಿಲ್ಲ. ಇಆರ್‌ಪಿನೆಕ್ಸ್ಟ್ ನನಗೆ ಹಿಡಿಸಿದ್ದು ನಾವೇ ಹಾಕಿ ನೋಡಬಹುದು ಎಂಬ ಕಾರಣಕ್ಕೆ. ಮುಂಬೈನ ಫ್ರಾಪೆ ಕಂಪನಿಯವರು ಮಾಡಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ಲೈಸೆನ್ಸಿಗೆ ದುಡ್ಡಿಲ್ಲ. ನಮ್ಮ ಕಂಪ್ಯೂಟರ್ ಹುಡುಗ ಆಫೀಸಿನ ಹಳೇ ಮೆಷಿನ್ನಿಗೆ ಹಾಕಿಕೊಟ್ಟ. ತಪ್ಪು ಮಾಡಿ ಕಲಿಯಲು ಒಂದು ಜಾಗ ಸಿಕ್ಕಿತು. ನಿಜವಾಗಿ ಕೆಲಸಕ್ಕೆ ಇಳಿಸಿದ ಮೇಲೆ ಸರ್ವರ್, ಬ್ಯಾಕಪ್, ನೋಡಿಕೊಳ್ಳುವವರು ಇವಕ್ಕೆಲ್ಲ ಖರ್ಚು ಇದ್ದೇ ಇದೆ.

ಶುರುವಿನ ಸೆಟಪ್ ಸುಲಭ. ದೇಶ, ಕರೆನ್ಸಿ, ಕಂಪನಿಯ ಹೆಸರು, ಹಣಕಾಸು ವರ್ಷ ಕೇಳುತ್ತದೆ. ಜೊತೆಗೆ ಕಂಪನಿಗೊಂದು ಚಿಕ್ಕ ಹೆಸರು ಕೇಳುತ್ತದೆ. ಅದನ್ನು ಸುಮ್ನೆ ಏನೋ ಕೊಡಬೇಡಿ. ಪ್ರತಿ ಲೆಡ್ಜರ್, ಪ್ರತಿ ವೇರ್‌ಹೌಸ್ ಹೆಸರಿನ ಕೊನೆಗೂ ಅದೇ ಅಂಟಿಕೊಂಡು ಬರುತ್ತದೆ. ಜಿಎಸ್‌ಟಿಗೆ ಇಂಡಿಯಾ ಕಂಪ್ಲಯನ್ಸ್ ಎಂಬ ಬೇರೆ ಆ್ಯಪ್ ಇದೆ. ಅದನ್ನೂ ಜೊತೆಗೇ ಹಾಕಿಸಿಕೊಳ್ಳಿ.

ನಾನು ನಿಜವಾಗಿ ಕಲಿತದ್ದು ಒಂದೇ ಒಂದು ರಾಡ್‌ನಿಂದ. 25 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್, 6 ಮೀಟರ್ ಉದ್ದ. ನಮ್ಮ ರ್‍ಯಾಕಿನಲ್ಲಿ ಅದನ್ನು ಎಣಿಸಿ ಇಡುತ್ತೇವೆ. ಹಾಗಾಗಿ ಅಳತೆ ಕೇಳಿದಾಗ ‘ನಂಬರ್ಸ್’ ಅಂತ ಆರಿಸಿದೆ. ಹತ್ತು ರಾಡ್ ಸ್ಟಾಕಿಗೂ ತಗೊಂಡೆ. ಆಮೇಲೆ ಈ ರಾಡ್ ಕತ್ತರಿಸಿ ಮಾಡುವ ಒಂದು ಪಿನ್ನಿಗೆ ಎಷ್ಟು ಮಾಲು ಬೇಕು ಅಂತ ಬಿಒಎಂ (ಬೇಕಾಗುವ ಮಾಲಿನ ಪಟ್ಟಿ) ಬರೆಯಲು ಕೂತೆ. ರಾಡಿನ ಚೂರು ಭಾಗ ಹಾಕಿದರೆ ತಗೊಳ್ಳಲೇ ಇಲ್ಲ. ನಂಬರ್ಸ್ ಅಂದ ಮೇಲೆ ಪೂರ್ಣ ಸಂಖ್ಯೆಯೇ ಬೇಕು! ಸರಿ, ಅಳತೆಯನ್ನು ಕೆಜಿ ಮಾಡೋಣ ಅಂತ ಹೋದರೆ ಅದೂ ಆಗಲಿಲ್ಲ. ಸ್ಟಾಕ್ ಒಳಗೆ ಬಂದ ಮೇಲೆ ಮೂಲ ಅಳತೆ ಬದಲಿಸಲು ಬರುವುದಿಲ್ಲ. ಹೊಸ ಐಟಂ ಮಾಡಬೇಕಾಯಿತು.

ಈ ಸಲ ಪೇಪರ್ ಪೆನ್ನು ಹಿಡಿದೆ. ಮೇಸ್ತ್ರಿಗಳು ಕಲಿಸಿದ ಲೆಕ್ಕ ನಮಗೆಲ್ಲ ಗೊತ್ತೇ ಇದೆ, ಡಯಾ ಸ್ಕ್ವೇರ್ ಬೈ 162, ಅಂದರೆ ಮಿ.ಮೀ.ನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸುವುದು. 625ನ್ನು 162ರಿಂದ ಭಾಗಿಸಿದರೆ ಮೀಟರಿಗೆ 3.858 ಕೆಜಿ. ಒಂದು ರಾಡಿಗೆ 23.15 ಕೆಜಿ. ಪಿನ್ 80 ಮಿ.ಮೀ., ಕಟಿಂಗಿಗೆ 3 ಸೇರಿಸಿದರೆ 83, ಅಂದರೆ 0.32 ಕೆಜಿ. ಮೂಲ ಅಳತೆ ಕೆಜಿ ಇಟ್ಟೆ. ‘ರಾಡ್’ ಎಂಬ ಇನ್ನೊಂದು ಅಳತೆ ಮಾಡಿ, ಒಂದು ರಾಡ್ ಅಂದರೆ 23.15 ಕೆಜಿ ಅಂತ ಕೊಟ್ಟೆ. ನೂರು ಪಿನ್ನಿಗೆ ವರ್ಕ್ ಆರ್ಡರ್ (ತಯಾರಿಸಲು ಕೊಡುವ ಆದೇಶ) ಹಾಕಿದರೆ 32 ಕೆಜಿ ಅಂತ ತೋರಿಸಿತು. ಆ ಸಂಜೆ ಇಡೀ ಸಾಫ್ಟ್‌ವೇರ್ ನನಗೆ ಅರ್ಥವಾದ ಹಾಗಾಯಿತು.

ಹೆಸರುಗಳು ಒಂದು ವಾರ ಕಾಡುತ್ತವೆ. ಬಂದ ಮಾಲಿಗೆ ನಾವು ಬರೆಯುವ ಜಿಆರ್‌ಎನ್ ಇಲ್ಲಿ ಪರ್ಚೇಸ್ ರಿಸೀಟ್. ಹೊರಗೆ ಹೋಗುವ ಮಾಲಿನ ಜೊತೆ ಕಳಿಸುವ ಡಿಸಿ (ಡೆಲಿವರಿ ಚಲನ್) ಇಲ್ಲಿ ಡೆಲಿವರಿ ನೋಟ್. ಸೇವ್ ಬೇರೆ, ಸಬ್‌ಮಿಟ್ ಬೇರೆ. ಸೇವ್ ಮಾಡಿದ್ದು ಬರೀ ಡ್ರಾಫ್ಟ್, ಸ್ಟಾಕ್ ಅಲುಗಾಡುವುದಿಲ್ಲ. ಸಬ್‌ಮಿಟ್ ಆದ ಮೇಲೆ ತೂಕ ತಪ್ಪಿದೆ ಅಂತ ಅಳಿಸಿ ಬರೆಯಲಾಗದು. ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಬೇಕು. ಅದೇ ನಂಬರಿನ ಕೊನೆಗೆ -1 ಸೇರಿ ಹೊಸದು ಹುಟ್ಟುತ್ತದೆ, ಹಳೆಯದು ಕಣ್ಣೆದುರೇ ಇರುತ್ತದೆ. ಅದಕ್ಕೆ ಬಿಲ್ ಆಗಿಬಿಟ್ಟಿದ್ದರೆ ಮೊದಲು ಬಿಲ್ಲನ್ನೇ ಕ್ಯಾನ್ಸಲ್ ಮಾಡಬೇಕು. ಆತುರದಲ್ಲಿದ್ದಾಗ ಇದು ಕಿರಿಕಿರಿ ಅನಿಸುತ್ತದೆ. ಆದರೆ ಪುಸ್ತಕದಲ್ಲಿ ವೈಟ್ನರ್ ಹಚ್ಚಿದ ಜಾಗ ನೋಡಿ ಎಷ್ಟು ಸಲ ಜಗಳ ಆಗಿದೆ, ಅಲ್ವಾ?

ಸ್ಟಾಕ್ ಸೆಟ್ಟಿಂಗ್ಸ್‌ನಲ್ಲಿ ನೆಗೆಟಿವ್ ಸ್ಟಾಕ್ ಬಿಡುವ, ಅಂದರೆ ಲೆಕ್ಕದಲ್ಲಿ ಇಲ್ಲದ ಮಾಲನ್ನೂ ಇಶ್ಯೂ ಮಾಡಲು ಬಿಡುವ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಬೇಡಿ. ಮಾಲು ಬಂದು ಎಂಟ್ರಿ ಆಗುವ ಮೊದಲೇ ಇಶ್ಯೂ ಮಾಡುವ ಹಳೇ ಚಾಳಿ ಅಲ್ಲೇ ವಾಪಸ್ ಬರುತ್ತದೆ.

ಒಂದು ತಿಂಗಳಿಂದ ಪಿನ್ನುಗಳ ಲೆಕ್ಕ ಮಾತ್ರ ನಿಜವಾಗಿ ಇದರಲ್ಲಿ ನಡೆಯುತ್ತಿದೆ. ಪಿನ್ನು ಪ್ಲೇಟಿಂಗಿಗೆ (ಮೇಲೆ ಲೋಹದ ಲೇಪನ ಹಾಕಿಸಲು) ಹೊರಗೆ ಹೋಗುತ್ತದೆ. ಜಿಎಸ್‌ಟಿ ಪ್ರಕಾರ ಹೀಗೆ ಜಾಬ್ ವರ್ಕಿಗೆ, ಅಂದರೆ ಹೊರಗಿನವರಿಂದ ಕೆಲಸ ಮಾಡಿಸಲು ಕಳಿಸಿದ ಮಾಲು 1 ವರ್ಷದೊಳಗೆ ತಿರುಗಿ ಬರಬೇಕು. ಅದಕ್ಕೇ ಪ್ಲೇಟಿಂಗಿನವರಿಗೆಂದೇ ಒಂದು ವೇರ್‌ಹೌಸ್ ಮಾಡಿಟ್ಟಿದ್ದೇನೆ. ಮೊನ್ನೆ ಸೂಪರ್‌ವೈಸರ್ ಬಂದು, “ಅಕ್ಕಾ, ಪ್ಲೇಟಿಂಗಲ್ಲಿ ಎಷ್ಟು ಉಳಿದಿದೆ?” ಅಂದರು. ಸ್ಟಾಕ್ ಬ್ಯಾಲೆನ್ಸ್ ತೆಗೆದು ನೋಡಿ 340 ಅಂದೆ. ನಂಬದೆ ಪ್ಲೇಟಿಂಗಿನವರಿಗೇ ಫೋನ್ ಮಾಡಿದರು. ಆ ಕಡೆಯವರು ಎಣಿಸಿ ಹೇಳಿದ್ದೂ 340.